ಶಬದ ಕೀರ್ತನೆಯೂ ಕೈಯಲ್ಲಿ ಒಯ್ಯುವ ಧ್ವನಿಮುದ್ರಣ ಯಂತ್ರವೂ

ಇತಿಹಾಸದ ಆಕರಗಳೆಂದರೆ ಶಾಸನ, ಓಲೆಗರಿ, ಕಡತ, ನಾಣ್ಯ, ಕೈಫಿಯತ್ತು ಇವಿಷ್ಟೇ ಎಂದು ಭಾವಿಸುತ್ತಿದ್ದ ಕಾಲ ಹಿಂದೆ ಸರಿದಿದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಈಚೆಗೆ ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯೂ ಆ ಸಾಲಿಗೆ ಸೇರಿಕೊಂಡಿದೆ. ಆದರೆ ಶಾಸನವನ್ನು ಓದುವಾಗ ಕಲ್ಲು ಯಾವುದು, ಲಿಪಿ ಯಾವ ಕಾಲದ್ದು, ಕಂಡರಿಸಿದವನ ಕೈತಪ್ಪು ಎಲ್ಲಿದೆ ಎಂದೆಲ್ಲ ವಿಚಾರಿಸುವ ನಾವು, ಧ್ವನಿಮುದ್ರಿಕೆಯನ್ನು ಕೇಳುವಾಗ ಅದನ್ನು ಹಿಡಿದ ಯಂತ್ರ ಯಾವುದು, ಯಾವುದನ್ನು ಹಿಡಿಯಲಾರದೆ ಅದು ಬಿಟ್ಟುಬಿಟ್ಟಿತು ಎಂದು ವಿಚಾರಿಸುವುದು ಅಪರೂಪ. ಗುರುದ್ವಾರದಲ್ಲಿ ನಡೆಯುತ್ತಿರುವ ಕೀರ್ತನೆಯನ್ನು ಸ್ಥಳದಲ್ಲಿಯೇ ಮುದ್ರಿಸಿಕೊಳ್ಳಬೇಕಾದರೆ ಎಂಥ ಯಂತ್ರವನ್ನು ಒಯ್ಯಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಂಗಡಿಯವನನ್ನು ಕೇಳಬೇಕಾದದ್ದು. ಅದು ಇತಿಹಾಸದ ವಿದ್ಯಾರ್ಥಿಯೇ ಮೊದಲು ಉತ್ತರಿಸಬೇಕಾದ ಪ್ರಶ್ನೆಯೆಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ತುಮಕೂರಿನಲ್ಲಿ ಕುಳಿತು ಸಿಖ್ಖರ ಸಂಗೀತದ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಊರಿನ ಶಿರಾ ಗೇಟಿನಿಂದ ಹೊರಟ ಹಾದಿ ಶಿರಾ, ಹಿರಿಯೂರುಗಳನ್ನು ದಾಟಿ ಚಿತ್ರದುರ್ಗವನ್ನು ಮುಟ್ಟುತ್ತದೆ. ಅಲ್ಲಿಂದ ಕವಲೊಡೆಯುವ 50ನೆಯ ರಾಷ್ಟ್ರೀಯ ಹೆದ್ದಾರಿ ಹೊಸಪೇಟೆ, ವಿಜಯಪುರ, ಕಲಬುರಗಿಗಳ ಮೂಲಕ ಬೀದರಿಗೆ ಹೋಗುತ್ತದೆ. ಅರ್ಥಾತ್ ಶಿರಾ ಗೇಟಿನಲ್ಲಿ ಲಾರಿ ಹತ್ತಿದವನು ಹಾದಿ ತಪ್ಪದಿದ್ದರೆ ನಾನಕ್ ಝೀರಾ ಸಾಹಿಬ್ ಗುರುದ್ವಾರದ ಊರಿನಲ್ಲಿಯೇ ಇಳಿಯುತ್ತಾನೆ. ಗುರು ನಾನಕರು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣದ ಯಾತ್ರೆ ಕೈಗೊಂಡಾಗ ಬೀದರಿಗೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರ ಪ್ರಾರ್ಥನೆಗೆ ಓಗೊಟ್ಟು ಪಾದುಕೆಯಿಂದ ಕಲ್ಲನ್ನು ಸರಿಸಲು ಅಲ್ಲಿ ಚಿಲುಮೆ ಒಸರಿತೆಂದೂ ಐತಿಹ್ಯವಿದೆ. ‘ಝೀರಾ’ ಎಂದರೆ ಆ ಚಿಲುಮೆಯೇ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರ ಕರೆಗೆ ತಲೆಯೊಡ್ಡಿದ ‘ಪಂಚ ಪ್ಯಾರೆ’ಗಳಲ್ಲಿ ಒಬ್ಬನಾದ ಭಾಯಿ ಸಾಹಿಬ್ ಸಿಂಗ್ ಬೀದರಿನವನೆಂಬುದು ಸಿಖ್ ಪರಂಪರೆಯಲ್ಲಿ ಸುಪ್ರಸಿದ್ಧ. 1705ರ ಮುಕ್ತಸರದ ಕಾಳಗದಲ್ಲಿ ಹೋರಾಡಿದ ಮಾಯಿ ಭಾಗೋ ತನ್ನ ಕಡೆಗಾಲವನ್ನು ಕಳೆದದ್ದು ಬೀದರಿನ ಸಮೀಪದ ಜನವಾಡದಲ್ಲಿ ಎಂದು ಅದೇ ಪರಂಪರೆ ಹೇಳುತ್ತದೆ. ಇದಲ್ಲದೆ ಮಹಾರಾಜ ರಣಜಿತ್ ಸಿಂಗನು 1832ರಲ್ಲಿ ನಿಜಾಮನ ಸಹಾಯಕ್ಕೆಂದು ಕಳುಹಿಸಿದ ಲಾಹೋರಿ ಫೌಜಿನವರಲ್ಲಿ ಅನೇಕರು ಇತ್ತಲೇ ನೆಲಸಿ ‘ದಖ್ಖಣಿ ಸಿಖ್ಖ’ರೆನಿಸಿದರು. ಹೀಗಿರುವಲ್ಲಿ ಶಬದ ಕೀರ್ತನೆ ಕನ್ನಡ ನಾಡಿನ ಸಂಗೀತಚರಿತ್ರೆಯ ಹೊರಗಿನದೆಂದು ಹೇಳಲು ಬಾರದು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. 1604ರಲ್ಲಿ ಗುರು ಅರ್ಜುನರು ಸಂಕಲಿಸಿದ ಆದಿಗ್ರಂಥವು ಮುಂದೆ ಗುರು ಗ್ರಂಥ ಸಾಹಿಬ್ ಆಗಿ ಪೂರ್ಣಗೊಂಡಾಗ ಅದರ ಪದಗಳು 31 ರಾಗಗಳಲ್ಲಿ ವಿಂಗಡವಾಗಿ ನಿಂತವು. ಆ 31ರಲ್ಲಿ ಕಾನಡಾ ಒಂದು. ಆ ಹೆಸರಿಗೂ ಕರ್ಣಾಟಕ್ಕೂ ಇರುವ ನಂಟನ್ನು ಸಂಗೀತವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ.

ಯಂತ್ರದ ವಿಚಾರಕ್ಕೆ ಮೊದಲು ಹಾಡಿನ ಅಂಗಗಳನ್ನು ತಿಳಿದಿರಬೇಕು. ಶಬದವೊಂದರಲ್ಲಿ ‘ರಹಾಉ’ ಎಂಬ ಗುರುತುಳ್ಳ ನುಡಿಯೊಂದಿರುತ್ತದೆ. ಗ್ರಂಥದಲ್ಲಿ ಅದು ಸಾಮಾನ್ಯವಾಗಿ ಮೊದಲನೆಯ ಪದ್ಯದ ಅನಂತರ ಬಂದಿದ್ದರೂ ಹಾಡುವಾಗ ಅದೇ ಪಲ್ಲವಿ. ಉಳಿದ ನುಡಿಗಳು ಅಂತರಗಳಾಗಿ ಒಂದೊಂದಾಗಿ ಬಂದು ಪ್ರತಿಸಲವೂ ರಹಾಉಗೆ ಮರಳುತ್ತವೆ. ನಮ್ಮ ದಾಸರ ಪದಗಳ ಪಲ್ಲವಿ, ಚರಣಗಳ ಏರ್ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಕಿತದ ವಿಷಯದಲ್ಲಿಯೂ ಹೋಲಿಕೆಯುಂಟು: ದಾಸರ ಪದದ ಕಡೆಯ ಚರಣದಲ್ಲಿ ಅಂಕಿತ ಬರುವಂತೆ ಶಬದದ ಕಡೆಯ ನುಡಿಯಲ್ಲಿ ‘ನಾನಕ’ ಎಂಬ ಮುದ್ರಿಕೆ ಬರುತ್ತದೆ. ಬೇರೆ ಬೇರೆ ಗುರುಗಳೆಲ್ಲರೂ ಆ ಒಂದೇ ಹೆಸರನ್ನು ಇಟ್ಟುಕೊಂಡದ್ದರಿಂದ ಕರ್ತೃವನ್ನು ‘ಮಹಲಾ’ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ. ಹಾಡುವವರು ರಾಗಿಗಳು. ಇಂದು ಸಾಮಾನ್ಯವಾಗಿ ಇಬ್ಬರು ಹಾರ್ಮೋನಿಯಂ ನುಡಿಸುತ್ತ ಹಾಡಿದರೆ ಮೂರನೆಯವನು ತಬಲಾ ಹಿಡಿಯುತ್ತಾನೆ. ದಿಲರುಬಾ, ತಾವುಸ್, ರಬಾಬುಗಳಂಥ ತಂತೀವಾದ್ಯಗಳು ಕೆಲವೆಡೆ ಜೊತೆಗೂಡುತ್ತವೆ. ಎದುರಿಗೆ ಸಂಗತ್, ಅಂದರೆ ನೆರೆದ ಸಭೆ, ಕುಳಿತು ಕೇಳುತ್ತದೆ, ನಾಮಸ್ಮರಣೆಗೆ ದನಿಗೂಡಿಸುತ್ತದೆ. ನಡುವೆ ಒಬ್ಬರು ‘ಬೋಲೇ ಸೋ ನಿಹಾಲ್’ ಎಂದು ಕೂಗಲು ಸಭೆಯೆಲ್ಲ ‘ಸತ್ ಶ್ರೀ ಅಕಾಲ್’ ಎಂದು ಒಕ್ಕೊರಲಿನಿಂದ ಮೊಳಗುತ್ತದೆ. ನಸುಕಿನಲ್ಲಿ ಆರಂಭವಾಗುವ ‘ಆಸಾ ದೀ ವಾರ್’ ಗಂಟೆಗಟ್ಟಲೆ ನಡೆಯತಕ್ಕದ್ದು.

ಇಂಥ ಹಾಡಿಕೆಯನ್ನು ಮೊದಲ ಯಂತ್ರಗಳು ಹೇಗೆ ಎದುರಿಸಿದವು? 1902ರಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಾರಿಕೆಯನ್ನು ಮುದ್ರಿಸಿಕೊಂಡನು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ತಾನೇ ಘೋಷಿಸುತ್ತಿದ್ದಳು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಗುರುತು ಸಿಗಲೆಂದು ಹೂಡಿದ ಉಪಾಯವದು. ಹತ್ತು ಅಂಗುಲದ ತಟ್ಟೆಯ ಒಂದು ಮುಖ ಸುಮಾರು ಮೂರು ನಿಮಿಷ ಮಾತ್ರ ನಡೆಯುತ್ತಿತ್ತು. ಮುಂದಿನ ಅರ್ಧ ಶತಮಾನ ಇದೇ ಅಳತೆಯೇ ಅಳತೆ. ರಾಗಿಗಳೂ, ಅವರಿಗಿಂತ ಹಿಂದಿನಿಂದ ಗುರುದ್ವಾರಗಳಲ್ಲಿ ಹಾಡುತ್ತ ಬಂದಿದ್ದ ಮುಸಲ್ಮಾನ ರಬಾಬಿಗಳೂ ತಟ್ಟೆಗೆ ಹಾಡಿದಾಗ ಆ ಮೂರು ನಿಮಿಷದೊಳಗೆ ಒದಗಬೇಕಾಯಿತು. ಅಷ್ಟರಲ್ಲಿ ರಹಾಉ ಒಂದೆರಡು ಬಾರಿ, ಅಂತರ ಒಂದೋ ಎರಡೋ ಬಂದರೆ ಹೆಚ್ಚು. ಆಲಾಪಕ್ಕೆ ಎಡೆಯಿಲ್ಲ. ನುಡಿಗಳನ್ನು ಕೈಬಿಡಬೇಕಾದಲ್ಲಿ ಅಂಕಿತವಿರುವ ಕಡೆಯ ನುಡಿಯೇ ಅಪಾಯಕ್ಕೆ ಸಿಕ್ಕುವಂಥದು. ನಮ್ಮ ದಾಸರ ಪದಗಳ ಹಳೆಯ ತಟ್ಟೆಗಳನ್ನು ಪಾಠಾಂತರ ನಿರ್ಣಯಕ್ಕೆ ಬಳಸುವವರೂ ಈ ಮಾತನ್ನು ನೆನಪಿನಲ್ಲಿಡುವುದು ಒಳಿತು. ತಟ್ಟೆಯಲ್ಲಿ ಚರಣವಿಲ್ಲವೆಂದ ಮಾತ್ರಕ್ಕೆ ಹಾಡುವವರ ಸಂಪ್ರದಾಯದಲ್ಲಿಯೇ ಅದು ಇರಲಿಲ್ಲವೆಂದು ತೀರ್ಮಾನಿಸುವುದು ಯಂತ್ರದ ಕೊರತೆಯನ್ನು ಗಾಯಕನ ಮೇಲೆ ಹೊರಿಸಿದಂತೆ.

ರಬಾಬಿಗಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಗುರು ನಾನಕರ ಜೊತೆಯಲ್ಲಿ ರಬಾಬು ನುಡಿಸುತ್ತ ನಡೆದ ಮರ್ದಾನನಿಂದ ತಮ್ಮ ಪರಂಪರೆಯನ್ನು ಎಣಿಸುತ್ತಿದ್ದ ಈ ಮನೆತನಗಳು 1947ರ ವಿಭಜನೆಯಲ್ಲಿ ಬಹುಮಟ್ಟಿಗೆ ಪಾಕಿಸ್ತಾನದ ಪಾಲಾದವು. ಅಮೃತಸರದ ಹರಿಮಂದಿರದಲ್ಲಿ ಅವರ ಸರದಿ ನಿಂತುಹೋಯಿತು. ದೀರ್ಘಕಾಲ ಮುದ್ರಿಸಬಲ್ಲ ಟೇಪು, ಅದರಲ್ಲಿಯೂ ಕೈಯಲ್ಲಿ ಒಯ್ಯಬಹುದಾದ ಟೇಪಿನ ಯಂತ್ರ ನಮ್ಮ ದೇಶದ ಕ್ಷೇತ್ರಕಾರ್ಯಕ್ಕೆ ಒದಗಿದ್ದು ಅದರ ಅನಂತರ. ಕೆಲವೇ ವರ್ಷಗಳ ಅಂತರದಲ್ಲಿ ಹೀಗಾಯಿತು. ಅವರ ಒಂದು ಇಡೀ ಬೆಳಗಿನ ಹಾಡಿಕೆ ಹೇಗಿದ್ದಿತೆಂಬುದನ್ನು ಮೂರು ಮೂರು ನಿಮಿಷದ ತುಣುಕುಗಳಿಂದ ಊಹಿಸಬೇಕಾಗಿದೆ.

ಯಂತ್ರವನ್ನು ಹಾಡುವವರ ಬಳಿಗೇ ಒಯ್ದವರಲ್ಲಿ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆಯ ಹೆಸರು ಮುಖ್ಯ. ಮೇಣದ ಉರುಳೆಗಳಿಂದ ಆರಂಭಿಸಿದ ಆತ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಪ್ರದೇಶಗಳಲ್ಲಿ ಸಂಚರಿಸಿದಾಗ ಹೆಚ್ಚು ಹೊತ್ತು ಮುದ್ರಿಸಬಲ್ಲ ಜರ್ಮನಿಯ ‘ಟೆಫಿ’ ಯಂತ್ರವನ್ನು ಬಳಸಿದನು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದು ಅದೇ ಜಾಡಿನಲ್ಲಿ ಮತ್ತೆ ಸಂಚರಿಸಿ, ನಡುವಣ ಅರ್ಧ ಶತಮಾನದಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂದು ಅಳೆದರು. ಅವರು ಹಾಗೆ ಅಳೆಯಲು ಸಾಧ್ಯವಾದದ್ದು ಬಾಕೆ ಯಂತ್ರದ ಜೊತೆಗೆ ಟಿಪ್ಪಣಿಯ ಪುಸ್ತಕವನ್ನೂ ಒಯ್ದಿದ್ದರಿಂದ. ಒಳ್ಳೆಯ ಯಂತ್ರದಿಂದ ಮುದ್ರಿಸಿ ಊರು, ದಿನ, ಹೆಸರುಗಳನ್ನು ಬರೆದಿಡದ ಸಂಗ್ರಹಕ್ಕಿಂತ, ಸಾಧಾರಣ ಯಂತ್ರದಿಂದ ಮುದ್ರಿಸಿ ಅವೆಲ್ಲವನ್ನು ಬರೆದಿಟ್ಟ ಸಂಗ್ರಹ ಹೆಚ್ಚು ಬೆಲೆಯುಳ್ಳದ್ದೆಂಬುದು ನಮ್ಮ ಅಭಿಪ್ರಾಯ.

1951ರಲ್ಲಿ ಸ್ಟೆಫಾನ್ ಕುಡೆಲ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ರಚಿಸಿದ ‘ನಾಗ್ರಾ’ ಹಾಗೂ 1961ರಲ್ಲಿ ಬಂದ ಜರ್ಮನಿಯ ‘ಊಹರ್ 4000’ ಯಂತ್ರಗಳಿಂದ ಕ್ಷೇತ್ರಕಾರ್ಯದ ಸ್ವರೂಪವೇ ಬದಲಾಯಿತು. ಆದರೂ ಐದು ಅಂಗುಲದ ಸುರುಳಿಯಲ್ಲಿ ಸಾಮಾನ್ಯ ದಪ್ಪದ ಟೇಪು 600 ಅಡಿ. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಅದು 16 ನಿಮಿಷಕ್ಕೆ ಮುಗಿಯುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ 32 ನಿಮಿಷ ದೊರೆಯುತ್ತದಾದರೂ ನಾದದ ಮೇಲಂಚು ಮಸಕಾಗುತ್ತದೆ. ಕಾಲವೋ ಗುಣವೋ ಎಂಬ ಆಯ್ಕೆ ಯಂತ್ರ ಹಿಡಿದವನ ಪಾಲಿಗೆ ಬಂದದ್ದು ಹೀಗೆ. ಕನ್ನಡದಲ್ಲಿ ಜೀ. ಶಂ. ಪರಮಶಿವಯ್ಯ, ಎಚ್. ಎಲ್. ನಾಗೇಗೌಡ ಮೊದಲಾದವರು ಜನಪದ ಕಾವ್ಯಗಳ ಬೆನ್ನು ಹತ್ತಿದ್ದು ಟೇಪಿನ ಈ ಯುಗದಲ್ಲಿಯೇ. ಇರುಳೆಲ್ಲ ನಡೆಯುವ ಕಥನವನ್ನು ಸುರುಳಿಗಳಿಗೆ ಕತ್ತರಿಸಿ ಹಂಚುವ ಕಷ್ಟ ಆ ಪೀಳಿಗೆಯ ಸಂಗ್ರಾಹಕರಿಗೆಲ್ಲ ಗೊತ್ತು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಯಂತ್ರ ಅಗ್ಗವಾಯಿತು, ಹಗುರವಾಯಿತು, ಭಕ್ತರ ಕೈಗೇ ಬಂದಿತು. ಪೀಟರ್ ಮ್ಯಾನುಯೆಲ್ 1993ರ ತನ್ನ ಗ್ರಂಥದಲ್ಲಿ ಉತ್ತರಭಾರತದ ಮಟ್ಟಿಗೆ ಈ ಬದಲಾವಣೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆದರೆ ಅಗ್ಗದ ಯಂತ್ರಗಳಲ್ಲಿ ಅನೇಕವು ನಾದದ ಮಟ್ಟವನ್ನು ತಾವೇ ಏರಿಸಿ ಇಳಿಸುವ ಏರ್ಪಾಡನ್ನು ಹೊಂದಿದ್ದವು. ಇದರ ಪರಿಣಾಮ ಗುರುದ್ವಾರದಲ್ಲಿ ವಿಚಿತ್ರವಾಗಿರುತ್ತದೆ. ರಾಗಿ ಮೆಲುದನಿಯಲ್ಲಿ ಆಲಾಪ ಮಾಡುವಾಗ ಯಂತ್ರ ತನ್ನ ಕಿವಿಯನ್ನು ಹಿಗ್ಗಿಸಿ ಬೀಸಣಿಗೆಯ ಸದ್ದು, ಲಂಗರಿನ ಪಾತ್ರೆಗಳ ಸದ್ದುಗಳನ್ನೆಲ್ಲ ಮುಂದಕ್ಕೆ ತರುತ್ತದೆ. ಜೈಕಾರ ಮೊಳಗಿದೊಡನೆ ಬೆಚ್ಚಿ ಕುಗ್ಗಿಹೋಗಿ, ಅನಂತರದ ಕೆಲವು ಕ್ಷಣ ರಾಗಿಯ ದನಿಯನ್ನೇ ಅಡಗಿಸುತ್ತದೆ. ಕೇಳಿದವರಿಗೆ ಗಾಯಕ ಆಲಾಪವನ್ನು ಗಟ್ಟಿಯಾಗಿ ಹಾಡಿದನೆಂದೂ ಸಭೆ ಮೆಲ್ಲಗೆ ಕೂಗಿತೆಂದೂ ತೋರುತ್ತದೆ. ನಡೆದದ್ದಕ್ಕೆ ಇದು ತೀರ ವ್ಯತಿರಿಕ್ತ. ಮುಂದೆ 1987ರ ಡಿಜಿಟಲ್ ಟೇಪು, 1992ರ ಮಿನಿಡಿಸ್ಕ್‌ಗಳು ಬಂದು ಹೋದವು. ಅವುಗಳಲ್ಲಿ ಮುದ್ರಿಸಿದ್ದನ್ನು ಇಂದು ಕೇಳಬೇಕಾದರೆ ಕೆಟ್ಟು ನಿಂತ ಯಂತ್ರಗಳನ್ನು ಹುಡುಕಿ ದುರಸ್ತಿ ಮಾಡಿಸಬೇಕು. ಓಲೆಗರಿಯೇ ವಾಸಿ.

ಇಷ್ಟರಿಂದ ಒಂದು ಸಂಗತಿ ಹೊರಪಡುತ್ತದೆ. ಯಂತ್ರವನ್ನು ಆರಿಸುವುದೆಂದರೆ ಹಾಡುವವರು ಯಾರೆಂದು ಮೊದಲೇ ತೀರ್ಮಾನಿಸಿಬಿಡುವುದು. ತಟ್ಟೆಯ ಕಾಲದಲ್ಲಿ ಸಂಗತ್ ಇರಲೇ ಇಲ್ಲ; ಗಾಯಕ ಕಂಪನಿಯವರ ಕೋಣೆಯಲ್ಲಿ ಹಾಡಿದನು. ಇಂದು ಬಹುಪಾಲು ಗುರುದ್ವಾರಗಳಲ್ಲಿ ಧ್ವನಿವರ್ಧಕದ ಮಿಕ್ಸರ್ ಇರುವುದರಿಂದ ಅದರ ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿಬಿಟ್ಟರೆ ಬಹು ಸ್ವಚ್ಛವಾದ ಮುದ್ರಣ ದೊರೆಯುತ್ತದೆ. ಆದರೆ ಅದರಲ್ಲಿ ಮೈಕಿನ ಮುಂದೆ ಕುಳಿತವರು ಮಾತ್ರ ಇರುತ್ತಾರೆ. ಸಂಗತ್ ದೂರದಲ್ಲಿ ಎಲ್ಲಿಯೋ ಗೊಣಗಿದಂತೆ ಕೇಳುತ್ತದೆ. ಸಿಖ್ ಮತದಲ್ಲಿ ಸಂಗತ್ತಿಗಿರುವ ಸ್ಥಾನವನ್ನು ಬಲ್ಲವರಿಗೆ ಇದು ಅರ್ಧ ದಾಖಲೆ ಎಂದು ಕೂಡಲೆ ಹೊಳೆಯುತ್ತದೆ. ಇದಕ್ಕೆ ವಿರುದ್ಧವಾಗಿ ಸಭೆಯ ನಡುವೆ ಯಂತ್ರವಿಟ್ಟು ಕುಳಿತರೆ ಸಭಾಂಗಣದ ಅನುರಣನದಲ್ಲಿ ಶಬದದ ಮಾತೇ ಕಲಸಿಹೋಗಿ ಪಾಠ ನಿಲುಕದು.

ಆದಕಾರಣ ನಾಲ್ಕು ಪಥಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲ ಕೈಯಂತ್ರವನ್ನೇ ನಾವು ಶಿಫಾರಸು ಮಾಡುತ್ತೇವೆ. ಎರಡು ಪಥಗಳು ಮಿಕ್ಸರಿನ ತಂತಿಗೆ. ಇನ್ನೆರಡು, ಯಂತ್ರದ ನೆತ್ತಿಯಲ್ಲಿರುವ ಅಥವಾ ಪ್ರತ್ಯೇಕವಾಗಿ ನಿಲ್ಲಿಸಿದ ಮೈಕುಗಳ ಜೋಡಿಗೆ. 2006ರಿಂದ ಈಚೆಗೆ ‘ಜೂಮ್’ ಮೊದಲಾದ ಕಂಪನಿಗಳ ಇಂಥ ಯಂತ್ರಗಳು ಅಧ್ಯಾಪಕರ ಕೈಗೂ ಎಟಕುವ ಬೆಲೆಗೆ ಬಂದಿವೆ. ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್ಟಿನ ‘ವೇವ್’ ಕಡತವಾಗಿರಲಿ; ಎರಡು ಪಥಗಳಿಗೆ ಗಂಟೆಗೆ ಸುಮಾರು 1 ಗಿಗಾಬೈಟ್, ನಾಲ್ಕಕ್ಕೆ 2 ಗಿಗಾಬೈಟ್ ಜಾಗ ಬೇಕು. 32 ಗಿಗಾಬೈಟಿನ ಒಂದು ಕಾರ್ಡಿನಲ್ಲಿ ನಾಲ್ಕು ಪಥಗಳ ಹದಿನೈದು ಗಂಟೆಯ ಹಾಡಿಕೆ ಹಿಡಿಯುವುದರಿಂದ, ಜಾಗ ಉಳಿಸಲೆಂದು ‘ಎಂಪಿ3’ ಮಾಡುವುದಕ್ಕೆ ಈಗ ಕಾರಣವೇ ಇಲ್ಲ. ರಬಾಬಿಗಳ ಮೂರು ನಿಮಿಷವನ್ನು ನೆನೆದರೆ ಈ ಹದಿನೈದು ಗಂಟೆ ಎಂಥ ಸಂಪತ್ತೆಂಬುದು ತಿಳಿಯುತ್ತದೆ.

ಮಟ್ಟವನ್ನು ಕೈಯಾರೆ ಗೊತ್ತುಮಾಡಬೇಕು. ರಾಗಿಯ ಗಟ್ಟಿದನಿ ಶೂನ್ಯಕ್ಕಿಂತ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಇರಿಸಿದರೆ ಜೈಕಾರಕ್ಕೆ ಎಡೆ ಉಳಿಯುತ್ತದೆ. ಕೆಲವು ವರ್ಷಗಳಿಂದ ಬಂದಿರುವ ‘32 ಬಿಟ್ ಫ್ಲೋಟ್’ ಯಂತ್ರಗಳಲ್ಲಿ, ಹೆಚ್ಚಾದ ಮಟ್ಟವನ್ನು ಆಮೇಲೆ ಇಳಿಸಿಕೊಂಡರೂ ನಾದ ಒಡೆಯುವುದಿಲ್ಲ. ಸಂಗತ್ತಿನ ಕೂಗು ಯಾವಾಗ ಏಳುವುದೆಂದು ಮೊದಲೇ ತಿಳಿಯದ ಸ್ಥಳಕ್ಕೆ ಇದು ಹೇಳಿಮಾಡಿಸಿದಂತಿದೆ. ಆದರೆ ಮೈಕೇ ತಾಳಲಾರದಷ್ಟು ಸದ್ದಾದರೆ ಯಾವ ಬಿಟ್ಟೂ ಉಳಿಸದು. ಧ್ವನಿವರ್ಧಕದ ಬಾಯೆದುರು ಯಂತ್ರವಿಡುವವರು ಇದನ್ನು ಮರೆಯಬಾರದು. ಮಿಕ್ಸರಿನಿಂದ ಬರುವ ಸಂಕೇತ ಮೈಕಿನದಕ್ಕಿಂತ ಬಹುಪಾಲು ಪ್ರಬಲವಾದ್ದರಿಂದ ಅದಕ್ಕೆಂದೇ ಇರುವ ‘ಲೈನ್’ ದ್ವಾರವನ್ನೇ ಬಳಸತಕ್ಕದ್ದು. ಯಂತ್ರವನ್ನು ಗೋಡೆಯ ವಿದ್ಯುತ್ತಿಗೆ ಸೇರಿಸದೆ ಬ್ಯಾಟರಿಯಲ್ಲಿ ನಡೆಸಿದರೆ 50 ಹರ್ಟ್ಸಿನ ಗುಂಯ್ ಎನ್ನುವ ಕಾಟ ಎಷ್ಟೋ ಮಟ್ಟಿಗೆ ತಪ್ಪುತ್ತದೆ.

ಮೊಬೈಲು ಸಾಲದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಂದರ್ಶನಕ್ಕೆ ಸಾಕು. ಕೀರ್ತನೆಗೆ ಅದರ ಎಷ್ಟೋ ತಂತ್ರಾಂಶಗಳು ಸಲ್ಲವು. ಮಾತಿಗಾಗಿ ರಚಿತವಾದ ಅವು ಒಂದೇ ಸಮನೆ ನಡೆಯುವ ಸದ್ದನ್ನು ಗದ್ದಲವೆಂದು ಬಗೆದು ಒರೆಸಿಹಾಕುತ್ತವೆ. ಒಂದೇ ಸಮನೆ ನಡೆಯುವುದು ಇಲ್ಲಿ ಶ್ರುತಿ.

ಮೈಕಿನ ಸ್ಥಾನಕ್ಕೆ ಈಗ ಇನ್ನೊಂದು ಮಹತ್ವ ಬಂದಿದೆ. ಹಾರ್ಮೋನಿಯಂ ಗಟ್ಟಿಯಾದ ವಾದ್ಯ. ಅದರ ಬಾಯಿಗೆ ಒಂದೇ ಮೈಕು ಹಿಡಿದರೆ ಪಕ್ಕದ ದಿಲರುಬಾ ಮುಳುಗಿಹೋಗುತ್ತದೆ. 1940ರಲ್ಲಿ ಆಕಾಶವಾಣಿ ಈ ವಾದ್ಯವನ್ನು ಬಹಿಷ್ಕರಿಸಿ 1971ರವರೆಗೆ ದೂರವಿಟ್ಟ ಪ್ರಸಂಗ ಸಂಗೀತದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಗುರುದ್ವಾರಗಳು ಆ ಬಹಿಷ್ಕಾರವನ್ನು ಅನುಸರಿಸಲಿಲ್ಲ. ಆದರೆ 2022ರಲ್ಲಿ ಅಕಾಲ್ ತಖ್ತಿನ ಜತೇದಾರರು ಹರಿಮಂದಿರದಲ್ಲಿ ಮೂರು ವರ್ಷಗಳೊಳಗಾಗಿ ತಂತೀವಾದ್ಯಗಳನ್ನು ಮತ್ತೆ ರೂಢಿಗೆ ತರಬೇಕೆಂದು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಗೆ ಸೂಚಿಸಿದರು. 2023ರಿಂದ ಆ ಸಮಿತಿ ಹರಿಮಂದಿರದ ಕೀರ್ತನೆಯನ್ನು ತನ್ನದೇ ಯೂಟ್ಯೂಬ್ ವಾಹಿನಿಯ ಮೂಲಕ ಜಗತ್ತಿಗೆಲ್ಲ ಬಿತ್ತರಿಸತೊಡಗಿತು. ಹೀಗೆ ಕೇಂದ್ರದ ಹಾಡಿಕೆ ಪ್ರತಿದಿನವೂ ಮುದ್ರಿತವಾಗುತ್ತಿದೆ. ಅದಕ್ಕೆ ನಮ್ಮ ನೆರವು ಬೇಕಿಲ್ಲ. ಜಗತ್ತಿನ ಎಲ್ಲ ಮೂಲೆಗಳಲ್ಲಿಯೂ ಅದನ್ನೇ ಕೇಳಿ ಕಲಿಯುವ ರಾಗಿಗಳ ಶೈಲಿ ಒಂದೇ ಅಚ್ಚಿನದಾಗುವುದು ಅಸಂಭವವಲ್ಲ. ಬೀದರಿನಂಥ ಊರಿನಲ್ಲಿ, ದಖ್ಖಣಿಯನ್ನೂ ಕನ್ನಡವನ್ನೂ ಕೇಳುತ್ತ ಬೆಳೆದವರು ಶಬದಕ್ಕೆ ದನಿಗೂಡಿಸುವ ರೀತಿಯಲ್ಲಿ ವಿಶೇಷವೇನಾದರೂ ಇದೆಯೆ ಎಂಬ ಪ್ರಶ್ನೆಗೆ ಅಮೃತಸರದ ವಾಹಿನಿಯಿಂದ ಉತ್ತರ ದೊರೆಯದು. ಸಂಗತ್ತಿನ ಕಡೆಗೆ ತಿರುಗಿದ ಆ ಎರಡು ಪಥಗಳಿಂದಲೇ ದೊರೆಯಬೇಕು. ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳು ಈ ಕೆಲಸವನ್ನು ಪಂಜಾಬಿನವರಿಗೆ ಬಿಟ್ಟು ಕುಳಿತರೆ ಅವರು ಬಂದು ಮಾಡುವರೆಂಬ ಭರವಸೆ ನಮಗಿಲ್ಲ.

ಕ್ರಮದ ಮಾತೂ ಸ್ವಲ್ಪ ಇದೆ. ಗುರುದ್ವಾರದ ಸಮಿತಿಯವರ ಮತ್ತು ರಾಗಿಗಳ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಬೇಕು. ಪಾದರಕ್ಷೆ ಕಳಚಿ ತಲೆಗೆ ವಸ್ತ್ರ ಸುತ್ತಿ ಒಳಗೆ ಹೋಗಬೇಕು. ಗ್ರಂಥ ಸಾಹಿಬಿಗೆ ಬೆನ್ನು ತಿರುಗಿಸಿ ತಂತಿ ಜೋಡಿಸುತ್ತ ಕುಳಿತುಕೊಳ್ಳುವುದು, ಮೈಕಿನ ಕಂಬವನ್ನು ನಮಸ್ಕರಿಸಲು ಬರುವವರ ಹಾದಿಗೆ ಅಡ್ಡ ನಿಲ್ಲಿಸುವುದು ಸಲ್ಲದು. ನೆಲದ ಮೇಲೆಯೇ ಕುಳಿತು ನಡೆಸಬಹುದಾದ ಗಿಡ್ಡ ಮುಕ್ಕಾಲಿಯನ್ನು ಕೊಳ್ಳುವುದು ಮೇಲು. ರಾಗಿಗಳಿಂದ ಎಂಟು ಹತ್ತು ಅಡಿ ದೂರದಲ್ಲಿ ಬದಿಗೆ ಸರಿದು ಕುಳಿತರೆ ಎರಡೂ ಕಡೆಯ ನಾದ ಹದವಾಗಿ ದೊರೆಯುತ್ತದೆ.

ಬೀದರಿಗೆ ಹೊರಡುವ ಮುನ್ನ ಯಂತ್ರವನ್ನು ಶಿರಾ ಗೇಟಿನಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಹೆದ್ದಾರಿಯ ಹತ್ತಿರದ ಯಾವುದಾದರೂ ಭಜನೆಯ ಗೋಷ್ಠಿಯಲ್ಲಿ ಅನುಮತಿ ಪಡೆದು ಒಂದು ಸಂಜೆ ಕುಳಿತರೆ ಹಾರ್ಮೋನಿಯಂ, ತಬಲಾ, ತಾಳ, ಸಭೆಯ ಕೊರಳು ಎಲ್ಲವೂ ಒಂದೆಡೆ ಸಿಗುತ್ತವೆ. ಲಾರಿಗಳ ಗುಡುಗಂತೂ ಕೇಳದೆಯೇ ಸಿಗುತ್ತದೆ. ಯಂತ್ರದಲ್ಲಿರುವ ತಗ್ಗುನಾದದ ಸೋಸುಕವನ್ನು ಹಾಕಿಯೊಮ್ಮೆ, ತೆಗೆದೊಮ್ಮೆ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಸೋಸುಕ ಲಾರಿಯ ಗುಡುಗಿನ ಜೊತೆಗೆ ತಬಲಾದ ಎಡದ ಗುಂಕಾರವನ್ನೂ ಒಂದಿಷ್ಟು ಒಯ್ಯುತ್ತದೆ. ಮೂಲದಲ್ಲಿ ಎಲ್ಲವನ್ನೂ ಹಾಗೆಯೇ ಉಳಿಸಿ, ಸೋಸುವುದನ್ನು ಪ್ರತಿಯಲ್ಲಿ ಮಾಡುವುದೇ ಸರಿಯಾದ ಪದ್ಧತಿಯೆಂದು ನಮಗೆ ತೋರುತ್ತದೆ. ಪ್ರತಿಯೊಂದು ಮುದ್ರಣದ ಮೊದಲಲ್ಲಿ ಊರು, ದಿನಾಂಕ, ಹೊತ್ತು, ಹಾಡುವವರ ಹೆಸರು, ಮೈಕು ನಿಂತ ಸ್ಥಳ ಇವನ್ನು ಮುದ್ರಿಸುವವನು ತನ್ನ ಬಾಯಿಂದಲೇ ಹೇಳಿಡಲಿ. ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ಮಾಡಿದ್ದನ್ನು ಅವನು ಆರಂಭದಲ್ಲಿಯೇ ಮಾಡಿ ಮುಗಿಸಬಹುದು. ಅದೇ ದಿನ ರಾತ್ರಿ ಕಡತಗಳನ್ನು ಎರಡು ಬೇರೆ ಬೇರೆ ತಟ್ಟೆಗಳಿಗೆ ನಕಲಿಸಿ, ಮೂರನೆಯ ಪ್ರತಿಯೊಂದನ್ನು ಹಾಡಿದವರಿಗೂ ಗುರುದ್ವಾರಕ್ಕೂ ಕೊಟ್ಟು, ಪಡೆದುದಕ್ಕೆ ಅವರಿಂದ ಸಹಿ ಹಾಕಿಸಿಕೊಂಡು ಟಿಪ್ಪಣಿಯ ಪುಸ್ತಕದಲ್ಲಿ ಅಂಟಿಸಿಡತಕ್ಕದ್ದು.